ಬನ್ನಿ ಸ್ವಾಮಿ, ಕೈ ಚಾಚಿ

ಪದ್ಮಜಾ ಮೇಡಂ ಇಲಿಗಳನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದರು, ನಮ್ಮನ್ನು ಏಕವಚನದಲ್ಲಿ. "ಬನ್ನಿ ಸ್ವಾಮಿ, ಕೈ ಚಾಚಿ. ಇನ್ನೊಂಚೂರು," ಎಂದು ಗಾಜಿನ ಪೆಟ್ಟಿಗೆಗೆ ಹೇಳಿ, ಈ ಕಡೆ ತಿರುಗಿ, "ಏಯ್ ಕೋತಿ, ಕಾಳು ಇಡೋ!" ಅನ್ನುತ್ತಿದ್ದರು.

ಕೋತಿ ಅಂದರೆ ನಾನು. ಮೈಸೂರಿನ ಆ ಲ್ಯಾಬಿನಲ್ಲಿ ಸಹಾಯಕ. ಅದಕ್ಕಿಂತ ಹೆಚ್ಚಾಗಿ ಅಣಕದವನು. ವಾಚ್‌ಮನ್ನಿನ ಕೆಮ್ಮು, ನಿರ್ದೇಶಕರ ಆಕಳಿಕೆ, ರಜಾ ಕೇಳುವಾಗ ನನ್ನದೇ ಅಳುಮುಖ, ಎಲ್ಲವನ್ನೂ ಮಾಡುತ್ತಿದ್ದೆ.

ಮಿದುಳಿನ ಒಂದು ಮಗ್ಗುಲಿಗೆ ವಿಷ ಹನಿಸಿ ಪಾರ್ಕಿನ್ಸನ್ ಬರಿಸಿದ ಇಲಿಗಳು ಅವು. ಒಂದು ಮುಂಗಾಲು ಸೋತಿರುತ್ತಿತ್ತು. ಮೇಡಂ ಗಟ್ಟಿಯಾಗಿರುವ ಕಾಲಿಗೆ ಬಟ್ಟೆಯ ಚೀಲ ತೊಡಿಸಿ, ಗಾಜಿನ ಸೀಳಿನಾಚೆಯ ಕಾಳನ್ನು ಸೋತ ಕಾಲಿನಿಂದಲೇ ಎಟುಕಿಸುವಂತೆ ದಿನವೂ ಕಲಿಸುತ್ತಿದ್ದರು. ಔಷಧದ ಜೊತೆ ಅಭ್ಯಾಸವೂ ಸೇರಿದರೆ ಎಷ್ಟು ಸುಧಾರಿಸುತ್ತದೆ ಎಂದು ನೋಡುವುದು ಅವರ ಕೆಲಸ.

"ಇಲಿಗ್ಯಾಕೆ ಮೇಡಂ ಇಷ್ಟು ಮರ್ಯಾದೆ?" ಎಂದು ಕೇಳಿದ್ದೆ.

"ನಮಗೋಸ್ಕರ ಕಾಯಿಲೆ ಇಸ್ಕೊಂಡೋರು ಕಣೋ. ನೀನೇನ್ ಇಸ್ಕೊಂಡಿದೀಯ, ಸಂಬಳ ಬಿಟ್ಟು?"

ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮೇಡಂ ನಡಿಗೆಯನ್ನು ಅಣಕಿಸಿದೆ. ಬಲಗೈ ಬೀಸು, ಎಡಗೈ ಮೈಗೆ ಅಂಟಿಸಿಕೊಂಡು, ಪುಟಪುಟ ಹೆಜ್ಜೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಾಗಿಲಲ್ಲಿ ಮೇಡಂ ನಿಂತಿದ್ದರು.

"ಇನ್ನೊಂದ್ಸಲ ಮಾಡು."

"ಮೇಡಂ, ಸುಮ್ನೆ ತಮಾಷೆಗೆ..."

"ತಮಾಷೆ ಇರ್ಲಿ. ಎಡಗೈ ಯಾಕೆ ಆಡಿಸ್ಲಿಲ್ಲ?"

"ನೀವು ಆಡಿಸಲ್ವಲ್ಲ ಮೇಡಂ."

ಅವರು ತಮ್ಮ ಎಡಗೈಯನ್ನು ನೋಡಿಕೊಂಡರು, ಪೆಟ್ಟಿಗೆಯೊಳಗಿನ ಕಾಲನ್ನು ನೋಡುವ ಹಾಗೆ. ಕೆಲವು ವಾರಗಳ ಮೇಲೆ ನರರೋಗ ತಜ್ಞರು ಪಾರ್ಕಿನ್ಸನ್ ಎಂದು ಹೇಳಿದ್ದು ಅವರಿಗೆ ಆ ಬಾಗಿಲಲ್ಲೇ ಗೊತ್ತಾಗಿತ್ತು.

ಆಮೇಲೆ ಅವರು ಬಲಗೈಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಎಡಗೈಯಲ್ಲಿ ಚಿತ್ರಾನ್ನ ತಿನ್ನಲು ಶುರುಮಾಡಿದರು. ಅರ್ಧ ಅನ್ನ ಮೇಜಿನ ಮೇಲೆ. "ಎಡಗೈಲಿ ತಿಂದ್ರೆ ನಮ್ಮಮ್ಮ ಹೊಡೀತಿದ್ರು. ಈಗ ನೋಡಿದ್ರೆ ಏನಂತಿದ್ರೋ!"

"ಹಾಗಾದ್ರೆ ಮಾತ್ರೆ ಬೇಡ್ವಾ ಮೇಡಂ?"

"ಮಾತ್ರೆ ಜೊತೆಗೆ ಕಣೋ, ಬದಲಿಗಲ್ಲ. ಅದೂ ಇಲಿಗೆ ಆಗಿದ್ದು ನನಗೂ ಆಗುತ್ತೆ ಅಂತ ಯಾರಾದ್ರೂ ಪರೀಕ್ಷೆಲಿ ಬರೆದ್ರೆ ಸೊನ್ನೆ ಹಾಕ್ತೀನಿ."

ಮಿದುಳು ನೋಡಬೇಕೆಂದರೆ ಕೊನೆಗೆ ಇಲಿಗಳನ್ನು ಕೊಲ್ಲಲೇಬೇಕು. ಪಶುವೈದ್ಯರು ಸೂಜಿ ಚುಚ್ಚುವಾಗ ಇಲಿಯನ್ನು ಹಿಡಿದುಕೊಳ್ಳುವ ಕೆಲಸವನ್ನು ಮೇಡಂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಅವರ ಬೊಗಸೆಯಲ್ಲಿ ಇಲಿ ಒದ್ದಾಡುತ್ತಿರಲಿಲ್ಲ. ಅವರ ಕೊನೆಯ ತಂಡದ ಇಲಿಗಳ ದಿನ ಮಾತ್ರ ಬೊಗಸೆಯೇ ನಡುಗಿತು. ಇಲಿ ಬೆದರಿ ಕೀಚ್ ಎಂದು ಚೀರಿತು.

"ಬಾರೋ ಕೋತಿ. ನನ್ನ ಥರ ಹಿಡ್ಕೊ."

"ನನಗೆ ಬರಲ್ಲ ಮೇಡಂ."

"ಊರೋರ ಥರ ಎಲ್ಲಾ ಮಾಡ್ತೀಯ. ಇದೊಂದು ಬರಲ್ವಾ?"

ಬೊಗಸೆಯನ್ನು ಅವರಂತೆ ಮಡಿಸಿದೆ. ಅವರ ದನಿಯಲ್ಲೇ, "ಬನ್ನಿ ಸ್ವಾಮಿ, ಹೆದರ್ಬೇಡಿ," ಅಂದೆ. ಇಲಿ ಸುಮ್ಮನಾಯಿತು. ಸೂಜಿ ಇಳಿಯಿತು. ನನ್ನ ಅಣಕಕ್ಕೆ ಯಾರೂ ನಗದ ದಿನ ಅದೊಂದೇ. ಮೇಡಂ ಗೋಡೆಯ ಕಡೆ ತಿರುಗಿ ನಿಂತಿದ್ದರು. ಆಮೇಲೆ ಲ್ಯಾಬಿಗೆ ಬರಲಿಲ್ಲ.

ಕೊನೆಯ ಸಲ ಅವರನ್ನು ನೋಡಿದ್ದು ರಾಮಕೃಷ್ಣನಗರದ ಮನೆಯಲ್ಲಿ. ಹೆಜ್ಜೆ ಎಲ್ಲಿಡಬೇಕೆಂಬ ಗುರುತಿಗೆಂದು ಅವರ ಯಜಮಾನರು ನೆಲಕ್ಕೆ ಅಡ್ಡಡ್ಡ ಕೆಂಪು ಪಟ್ಟಿ ಅಂಟಿಸಿದ್ದರು. ಮೇಡಂ ಮೊದಲ ಪಟ್ಟಿಯ ಹಿಂದೆ ನಿಂತಿದ್ದರು.

"ಕಾಲು ಅಂಟ್ಕೊಂಡ್ಬುಡುತ್ತೆ ಕಣೋ. ಮುಂದೆ ಯಾರಾದ್ರೂ ನಡೆದ್ರೆ ಬರುತ್ತೆ. ನನ್ನ ಥರಾನೇ ನಡಿ. ಚೆನ್ನಾಗಿದ್ದಾಗಿನ ಥರ."

ಹುಮ್ಮಸ್ಸಿನಿಂದ ಎದ್ದೆ. ಬಲಗೈ ಬೀಸಿತು. ಎಡಗೈ ಮೈಗೇ ಅಂಟಿಕೊಂಡಿತು. ಮತ್ತೆ ಶುರುಮಾಡಿದೆ; ಮತ್ತೆ ಅದೇ. ನಾನು ಲ್ಯಾಬಿಗೆ ಸೇರುವ ಹೊತ್ತಿಗೇ ಆ ಕೈ ನಿಂತುಹೋಗಿತ್ತು. ಚೆನ್ನಾಗಿದ್ದ ಪದ್ಮಜಾ ಮೇಡಂ ಅವರನ್ನು ನಾನು ನೋಡಿಯೇ ಇರಲಿಲ್ಲ.

ಅವರಿಗೆ ಅರ್ಥವಾಯಿತು. "ಇರ್ಲಿ ಬಿಡೋ. ನಿನ್ನ ಥರಾನೇ ನಡಿ."

ಬಾಗಿಲವರೆಗೂ ನಡೆದೆ. ಹಿಂದೆ ಸಪ್ಪಳವಿಲ್ಲ. ತಿರುಗಿದೆ. ಮೇಡಂ ಪಟ್ಟಿಯ ಹಿಂದೆಯೇ ಇದ್ದರು, ಎಡಗೈಯನ್ನು ನನ್ನ ಕಡೆಗೆ ಚಾಚಿಕೊಂಡು. "ಬನ್ನಿ ಸ್ವಾಮಿ" ಎನ್ನುವುದು ಅವರ ದನಿಯಲ್ಲೇ ನನ್ನ ಬಾಯಿಗೆ ಬಂತು. ನುಂಗಿಕೊಂಡೆ.