ಏಳನೆಯ ಮರಿಯ ಸೂಲಗಿತ್ತಿ

ಚಿಕ್ಕಮಾರಮ್ಮನ ಸುದ್ದಿಯನ್ನು ಸಿದ್ದಲಕ್ಷ್ಮಮ್ಮ ಮೊದಲು ಕೇಳಿದ್ದು ಮರಳೂರಿನ ಹಾಲಿನ ಬೂತಿನ ಮುಂದೆ. ಪಕ್ಕದ ಮನೆಯ ಶಿಲ್ಪಾ ನೈಟಿಯ ಮೇಲಿನ ಟವೆಲ್ಲನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

“ಆಂಟಿ, ಕೇಳಿದ್ರಾ? ರಂಗಣ್ಣನ ನಾಯಿಗೆ ಹೆರಿಗೆ ಮಾಡ್ಸಕ್ಕೆ ಹುತ್ರಿದುರ್ಗದಿಂದ ಸೂಲಗಿತ್ತಿ ಬರ್ತಾಳಂತೆ!”

“ಸೀಮಂತಾನೂ ಮಾಡ್ತಾನೇನೋ ಕೇಳು,” ಅಂದಳು ಸಿದ್ದಲಕ್ಷ್ಮಮ್ಮ.

ಆ ನಗು ಆರುವ ಮುಂಚೆಯೇ ಸೂಲಗಿತ್ತಿ ಸಿದ್ದಲಕ್ಷ್ಮಮ್ಮನ ಬಾಗಿಲಿಗೇ ಬಂದಳು. ರಂಗಣ್ಣ ಹಿಂದಿನ ಬೀದಿಯಲ್ಲಿ ಲ್ಯಾಬ್ರಡಾರ್ ನಾಯಿ ಸಾಕಿ ಮರಿ ಮಾರುವವನು. ಅವನ ಮನೆಯಲ್ಲಿ ನಾಯಿಗಳಿಗೇ ಜಾಗ ಸಾಲದು. ಗಂಡ ಸತ್ತ ಮೇಲೆ ಸಿದ್ದಲಕ್ಷ್ಮಮ್ಮನ ಮುಂದಿನ ಕೋಣೆ ಖಾಲಿ ಬಿದ್ದಿತ್ತು. ಚಿಕ್ಕಮಾರಮ್ಮ ಒಂದು ಟ್ರಂಕು, ಒಂದು ಹರಳೆಣ್ಣೆ ಸೀಸೆ, ಒಂದು ಗಂಟು ಹಳೇ ಸೀರೆ ಚೂರು ಹಿಡಿದು ಒಳಗೆ ಬಂದಳು. ಹದಿನೈದು ದಿನಕ್ಕೆ ಅಂತ ಬಂದವಳು ಏಳು ವರ್ಷ ಇದ್ದಳು.

ಹುತ್ರಿದುರ್ಗದ ಸುತ್ತ ಅವಳ ಕೈಯಲ್ಲಿ ಹುಟ್ಟದವರೇ ಕಡಿಮೆ. ಯಾವ ಹೊತ್ತಿನಲ್ಲಿ ಯಾರು ಬಾಗಿಲು ಬಡಿದರೂ ಎದ್ದು ಹೋಗುತ್ತಿದ್ದಳಂತೆ. ಆಮೇಲೆ ಬಸುರಿಯರೆಲ್ಲ ಕುಣಿಗಲ್ ಆಸ್ಪತ್ರೆ ಕಂಡುಕೊಂಡರು. ನಾಲ್ಕು ವರ್ಷ ಒಬ್ಬರೂ ಬಾಗಿಲು ಬಡಿಯಲಿಲ್ಲ. “ಒಳ್ಳೇದೇ ಆಯ್ತು ಬುಡವ್ವ. ಅಲ್ಲಿ ರಕ್ತ ಕೊಡ್ತಾರೆ, ನಾನೆಲ್ಲಿಂದ ತರ್ಲಿ?” ಅನ್ನುತ್ತಲೇ, ಎರಡು ದಿನಕ್ಕೊಮ್ಮೆ ಉಗುರು ಮಾತ್ರ ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದಳು.

ಅವಳು ಬಂದ ಮೂರನೆಯ ವರ್ಷ ರಂಗಣ್ಣನ ಕರಿ ನಾಯಿ ರಾಣಿ ಏಳು ಮರಿ ಹಾಕಿತು. ಆರು ಕಪ್ಪು. ಏಳನೆಯದು ಒಲೆಯ ಬೂದಿಯ ಬಣ್ಣ. ಸಿದ್ದಲಕ್ಷ್ಮಮ್ಮ ಬಿಸಿನೀರು ಹಿಡಿದು ಅಲ್ಲೇ ನಿಂತಿದ್ದಳು. ರಂಗಣ್ಣನ ಮುಖ ಸಣ್ಣದಾಯಿತು.

“ಲ್ಯಾಬ್ ಅಂದ್ರೆ ಮೂರೇ ಬಣ್ಣ ಅಜ್ಜಿ. ಕಪ್ಪು, ಹಳದಿ, ಚಾಕ್ಲೇಟು. ಇದನ್ನ ನೋಡಿದ್ರೆ ಬೆರಕೆ ಅಂತಾರೆ, ಮಿಕ್ಕ ಆರಕ್ಕೂ ಕೆಟ್ಟ ಹೆಸ್ರು. ಯಾರೂ ನೋಡೋಕ್ ಮುಂಚೆ ಒಂದ್ ದಾರಿ ಕಾಣ್ಸಿಬಿಡು.”

“ಕಪ್ಪಗಿರೋ ಗಂಡ ಹೆಂಡ್ರಿಗೆ ಬೆಳ್ಳಗಿರೋ ಕೂಸು ಎಷ್ಟು ಎತ್ತಿಲ್ಲ ನಾನು? ಮುತ್ತಜ್ಜಿದು ಎಲ್ಲೋ ರಕ್ತದಲ್ಲಿ ಉಳ್ಕೊಂಡಿರ್ತದೆ, ಒಂದಿನ ಈಚೆ ಬರ್ತದೆ,” ಅಂದಳು ಚಿಕ್ಕಮಾರಮ್ಮ. “ಕೈಗೆ ಬಂದ ಜೀವ ಒಂದನ್ನೂ ವಾಪಸ್ ಕಳ್ಸಿಲ್ಲ ಕಣಪ್ಪ.”

ಮರಿಯನ್ನು ಮಡಿಲಿಗೆ ಹಾಕಿಕೊಂಡು ಬಂದೇಬಿಟ್ಟಳು. ಹತ್ತಿಯ ಬತ್ತಿ ಅದ್ದಿ ಅದ್ದಿ ಹಾಲು ಕುಡಿಸಿ ಬದುಕಿಸಿದಳು. ಬೂದಿ ಅಂತಲೇ ಕರೆದರು.

ವರ್ಷ ತುಂಬುತ್ತಿದ್ದಂತೆ ಬೂದಿಯ ಬೆನ್ನಿನ ಕೂದಲು ಉದುರತೊಡಗಿತು. ಚರ್ಮವೆಲ್ಲ ಹೊಟ್ಟು. ಡಾಕ್ಟರು ನೋಡಿ, ಈ ಬಣ್ಣದ ಕೆಲವು ನಾಯಿಗಳಿಗೆ ಹೀಗಾಗುತ್ತೆ, ವಾಸಿಯಾಗೋದಲ್ಲ, ಎಣ್ಣೆ ಹಚ್ಚುತ್ತಿರಿ ಅಂದರು. ಅಂದಿನಿಂದ ದಿನಾ ಕೊಬ್ಬರಿ ಎಣ್ಣೆ, ವಾರಕ್ಕೆರಡು ಸಲ ಬೇವಿನ ನೀರು. ಒಬ್ಬಳು ಹಿಡಿಯುವುದು, ಒಬ್ಬಳು ತಿಕ್ಕುವುದು. ಇಬ್ಬರಿಗೂ ಸೊಂಟ ನೋವು. ಬೇಸಿಗೆಯಲ್ಲಿ ಅದು ಕೆರೆದುಕೊಳ್ಳುವ ಸದ್ದು ಕೇಳಿದರೆ ಸಿದ್ದಲಕ್ಷ್ಮಮ್ಮನಿಗೆ ತನ್ನ ಮೈಯೇ ನವೆಯಾಗುತ್ತಿತ್ತು.

ಹಾಗಿರುವಾಗ ರಂಗಣ್ಣ ಬಂದ. “ಈಗ ಈ ಬಣ್ಣಕ್ಕೇ ಡಿಮ್ಯಾಂಡು ಅಜ್ಜಿ. ಸಿಲ್ವರ್ ಲ್ಯಾಬ್ ಅಂತಾರೆ. ಬೂದೀನ ಕೊಡು, ಒಂದ್ ಸೂಲು ಮರಿ ಹಾಕಿಸ್ತೀನಿ.”

“ಅವತ್ತು ಬೆರಕೆ ಅಂದೆ?”

“ಜಾತಿ ನಾಯಿ ಕ್ಲಬ್ಬಿನೋರು ಈಗ್ಲೂ ಹಂಗೇ ಅಂತಾರೆ. ಫೋನಲ್ಲಿ ಫೋಟೋ ನೋಡಿ ಬರೋರು ಕ್ಲಬ್ಬಿನೋರ್ನ ಕೇಳ್ಕೊಂಡ್ ಬರ್ತಾರಾ?”

“ಇದರ ಬೆನ್ನು ನೋಡ್ಲಾ.”

“ಮರಿ ಇದ್ದಾಗ ಚೆನ್ನಾಗೇ ಇರ್ತವೆ.”

ಚಿಕ್ಕಮಾರಮ್ಮ ಬೂದಿಯನ್ನು ಕರೆದುಕೊಂಡು ಎದ್ದು ಒಳಗೆ ಹೋದಳು.

ಕಳೆದ ಆಷಾಢದಲ್ಲಿ ಅವಳು ಹಾಸಿಗೆ ಹಿಡಿದಳು. ಕಾಲು ಊತ, ಉಸಿರು ಸಿಗದು. ತಿಕ್ಕಬೇಕಾದ ಮೈ ಎರಡಾಯಿತು, ಕೈ ಮಾತ್ರ ಒಬ್ಬಳದೇ. ರಂಗಣ್ಣ ಬೀದಿಯಲ್ಲಿ ಸಿಕ್ಕಿ, “ಲಕ್ಷ್ಮಮ್ಮೋರೆ, ಈ ವಯಸ್ಸಲ್ಲಿ ನಿಮಗ್ಯಾಕೆ ಈ ಪಾಡು? ಬೂದೀನ ಕೊಡಿ, ಕೊನೇಗಂಟ ನಾನೇ ನೋಡ್ಕೋತೀನಿ,” ಅಂದ. ಸಿದ್ದಲಕ್ಷ್ಮಮ್ಮನಿಗೆ ಸಾಕಾಗಿಹೋಗಿತ್ತು. “ಭಾನುವಾರ ಬಾ,” ಅಂದುಬಿಟ್ಟಳು.

ಶನಿವಾರ ಸಂಜೆ ಗಂಜಿ ತಂದರೆ ಚಿಕ್ಕಮಾರಮ್ಮ ಬಾಯಿ ತೆರೆಯಲಿಲ್ಲ. ಕೈ ಚಾಚಿದಳು. ಉಗುರು ಬೆಳೆದಿದ್ದವು. ಸಿದ್ದಲಕ್ಷ್ಮಮ್ಮ ಕತ್ತರಿ ತಂದು ಕೂತಳು. ಮಂಚದ ಕೆಳಗೆ ಬೂದಿ ಕೆರೆದುಕೊಳ್ಳುತ್ತಿತ್ತು.

“ನಾಳೆ ಬಾ ಅಂದಿದೀಯಂತೆ ಅವ್ನಿಗೆ. ಶಿಲ್ಪಾ ಅಂದ್ಲು.”

ಸಿದ್ದಲಕ್ಷ್ಮಮ್ಮ ತಲೆ ಎತ್ತಲಿಲ್ಲ. “ಆಗ್ತಿಲ್ಲ ಕಣಕ್ಕ ನನ್ ಕೈಲಿ.”

“ಗೊತ್ತು. ಆಗ್ದಿದ್ರೆ ಎಣ್ಣೆ ಹಚ್ಚಬ್ಯಾಡ, ನೀರೂ ಹುಯ್ಯಬ್ಯಾಡ. ಹಿಂಗೇ ಕೆರ್ಕೊಂಡಿರ್ಲಿ. ಈ ನವೆ ಇದೊಂದಕ್ಕೇ ಮುಗೀಲಿ, ಮರಿಗಳಿಗೆ ಬ್ಯಾಡ.”

ಏಳು ವರ್ಷದಲ್ಲಿ ಒಂದು ಲೋಟ ನೀರನ್ನೂ ಬಾಯಿಬಿಟ್ಟು ಕೇಳದವಳು ಆವತ್ತು ಕೇಳಿದಳು. ಮತ್ತೇನನ್ನೂ ಕೇಳಲು ಅವಳು ಹೆಚ್ಚು ದಿನ ಉಳಿಯಲಿಲ್ಲ. ಕತ್ತರಿ ಹಿಡಿದ ಕೈಯನ್ನು ಅದುಮಿ, ಉಸಿರು ಕೂಡಿಸಿಕೊಂಡು ಅಂದಳು:

“ಅವ್ನು ಬಾಗ್ಲು ಬಡೀತಾನೆ. ತೆಗೀಬ್ಯಾಡ ಕಣವ್ವ.”