ಬೇಸ್‌ಮೆಂಟಿನ ಪಂಪ್

ಮೊನ್ನೆ ಬಾಲ್ಕನಿಯ ಕುಂಡಗಳಿಗೆಂದು ತಂದ ಕೊಕೊಪೀಟ್ ಇಟ್ಟಿಗೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ಅದು ನೀರು ಕುಡಿದು ಉಬ್ಬುತ್ತಿದ್ದಂತೆ ನೆನೆದ ತೆಂಗಿನ ಸಿಪ್ಪೆಯ ವಾಸನೆ ಮೇಲೆದ್ದಿತು. ಮಾಮಿಯ ಹಿತ್ತಲಿನ ವಾಸನೆ... ಸ್ವಲ್ಪ ಹೊತ್ತು ಬಕೆಟ್ಟಿನ ಪಕ್ಕದಲ್ಲೇ ಕೂತುಬಿಟ್ಟೆ.

ನಾನು ಮದುವೆಯಾಗಿ ಫಳ್ನೀರಿಗೆ ಬಂದ ಹೊಸತರಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗೇ ಅವರ ಹೆಂಚಿನ ಮನೆ. ಸಂಬಂಧವೇನೂ ಇಲ್ಲ, ಇಡೀ ಬೀದಿಗೇ ಅವರು ಮಾಮಿ. ಅವರ ಮನೆಯಲ್ಲಿ ಒಂದು ತಂಬಿಗೆ ನೀರೂ ಎರಡು ಕೆಲಸ ಮಾಡದೆ ಮಣ್ಣಿಗಿಳಿಯುತ್ತಿರಲಿಲ್ಲ. ಅಕ್ಕಿ ತೊಳೆದ ಅಕ್ಕಚ್ಚು ಬಸಳೆಗೆ, ಮಿಂದ ನೀರು ಬಾಳೆಗೆ. ಮಲ್ಲಿಗೆಯ ಬುಡದಲ್ಲಿ ತೆಂಗಿನ ಸಿಪ್ಪೆಗಳನ್ನು ಅಂಗಾತ ಹೂತು, ಸಂಜೆ ಮಾತ್ರ ನೀರೆರೆಯುತ್ತಿದ್ದರು. ಸಿಪ್ಪೆ ಹಿಡಿದಿಟ್ಟದ್ದನ್ನು ಗಿಡ ಮರುದಿನವಿಡೀ ಕುಡಿಯುತ್ತಿತ್ತು. ನಾನೊಮ್ಮೆ ನಡುಮಧ್ಯಾಹ್ನ ಪೈಪ್ ಹಿಡಿದು ಗಿಡಗಳಿಗೆ ನೀರು ಬಿಡುತ್ತಿದ್ದಾಗ ಗೇಟಿನಿಂದಲೇ ಕೂಗಿದ್ದರು: "ಎಂತ ಮಗಾ, ರಸ್ತೆಗೆ ಸ್ನಾನವಾ?" ನನಗೆ ಸಿಟ್ಟು ನೆತ್ತಿಗೇರಿತ್ತು. ಮರುದಿನ ಬೆಳಿಗ್ಗೆ ಬಾಳೆನಾರಿನಲ್ಲಿ ಕಟ್ಟಿದ ಒಂದು ತುಂಡು ಮಲ್ಲಿಗೆ ತಂದುಕೊಟ್ಟಾಗ ಇಳಿಯಿತು. ಆ ಗಿಡಗಳೆಂದರೆ ಅವರಿಗೆ ಜೀವ.

ಅವರ ಬಾವಿಯ ಹಗ್ಗಕ್ಕೊಂದು ಗಂಟಿತ್ತು. ಕೊಡಪಾನ ನೀರು ಮುಟ್ಟುವಾಗ ಆ ಗಂಟು ಅಂಗೈಯಲ್ಲಿರಬೇಕು. ಎಂಥ ಬೇಸಗೆಯಲ್ಲೂ ಇರುತ್ತಿತ್ತಂತೆ. ಆ ವರ್ಷ ಫೆಬ್ರವರಿಯಲ್ಲೇ ನೀರು ಕೆಳಗಿಳಿದು, ಗಂಟು ಕೈದಾಟಿ ರಾಟೆಯ ಹತ್ತಿರ ಹೋಯಿತು.

ಅವರ ಪಕ್ಕದ ಜಾಗದಲ್ಲಿ ಅಪಾರ್ಟ್‌ಮೆಂಟಿಗೆಂದು ಹೊಂಡ ತೋಡಿದ್ದರು. ಅದರಲ್ಲಿ ಒರತೆ ಒಡೆದು, ಹಗಲೂ ರಾತ್ರಿ ಪಂಪ್ ಓಡುತ್ತಿತ್ತು. ದಪ್ಪ ಪೈಪಿನಿಂದ ತಿಳಿನೀರು ರಸ್ತೆಯ ಚರಂಡಿಗೆ ಬೀಳುತ್ತಿತ್ತು. ಮಾಮಿ ಹೋಗಿ ಸೂಪರ್‌ವೈಸರನ್ನು ಕೇಳಿದರು. "ಎಂತ ಮಾಡುದು ಅಮ್ಮಾ, ಬೇಸ್‌ಮೆಂಟಿಗೆ ನೀರು ಬರ್ತಾ ಉಂಟು, ಹೊರಗೆ ಹಾಕಲೇಬೇಕಲ್ಲ," ಎಂದನಂತೆ. ಕೆಟ್ಟ ಮನುಷ್ಯನೇನಲ್ಲ, ಕೂರಲು ಕುರ್ಚಿಯನ್ನೂ ಕೊಟ್ಟಿದ್ದ.

ಹಗ್ಗಕ್ಕೆ ನೀಲಿ ನೈಲಾನಿನ ತುಂಡು ಸೇರಿಸಿದರು. ಆಮೇಲೆ ಇನ್ನೊಂದು... ಒಂದು ದಿನ ಕೊಡಪಾನ ಬರೀ ಕೆಸರು ಹೊತ್ತು ಮೇಲೆ ಬಂತು. ಮರುದಿನ ನೋಡುತ್ತೇನೆ, ಮಾಮಿ ಚರಂಡಿಯ ಬಳಿ ಆ ಪೈಪಿನ ಬಾಯಿಗೆ ಕೊಡಪಾನ ಹಿಡಿದು ನಿಂತಿದ್ದಾರೆ.

"ನನ್ನ ಬಾವಿಯ ನೀರೇ ಮಾರಾಯ್ತಿ. ನಾನೇ ವಾಪಸ್ ತಗೊಂಡು ಹೋಗ್ತೇನೆ."

ತಮಾಷೆಗೆ ಹೇಳಿದ್ದಲ್ಲ. ಮಲ್ಲಿಗೆಯ ಬುಡಕ್ಕೆ ಸುರಿದು ಮತ್ತೆ ಬಂದರು, ಮತ್ತೆ ಹೋದರು.

ಬೇಸ್‌ಮೆಂಟಿನ ಗೋಡೆ ಎದ್ದ ಮೇಲೆ ಆ ಪೈಪೂ ಹೋಯಿತು. ಮಳೆಗೆ ತುಂಬಿದ ಬಾವಿ ದೀಪಾವಳಿ ಕಳೆಯುವಷ್ಟರಲ್ಲಿ ಮತ್ತೆ ತಳ ಕಂಡಿತು. ಮಲ್ಲಿಗೆ ಒಣಗಿತು. ಒಣಗಿದ ಗಿಡಗಳನ್ನು ಕೀಳಲು ಬಿಡದೆ, "ನೀರಿಗೆ ದಾರಿ ತಪ್ಪಿದೆ ಮಗಾ. ಇದು ನನ್ನ ಬಾವಿಗೇ ಮುಗಿಯುದಿಲ್ಲ, ನೋಡ್ತಾ ಇರು," ಎಂದಿದ್ದರು. ಮರುವರ್ಷ ಅವರೇ ತೀರಿಕೊಂಡರು.

ಈಗ ನಾವಿರುವುದು ಅದೇ ಅಪಾರ್ಟ್‌ಮೆಂಟಿನಲ್ಲಿ. ಕಟ್ಟಿದಂದಿನಿಂದಲೂ ಬೇಸ್‌ಮೆಂಟಿನಲ್ಲಿ ನೀರು ಜಿನುಗುತ್ತಿತ್ತು. ಮೂಲೆಯ ಗುಂಡಿ ತುಂಬಿದಾಗಲೆಲ್ಲ ಪಂಪ್ ತಾನಾಗಿ ಶುರುವಾಗಿ ಚರಂಡಿಗೆ ಎತ್ತಿಹಾಕುತ್ತಿತ್ತು. ಆ ಸದ್ದಿಗೆ ಎಲ್ಲರೂ ಬೈಯುತ್ತಿದ್ದರು. ನನಗೆ ಮಾತ್ರ ಅದು ಕೇಳಿದಾಗಲೆಲ್ಲ, ಮಾಮಿಯ ನೀರು ಇನ್ನೂ ಇದೆಯಲ್ಲ ಎಂಬ ಧೈರ್ಯ.

ಈ ಫೆಬ್ರವರಿಯಿಂದ ಪಂಪ್ ಶುರುವಾಗಿಲ್ಲ. ಬೇಸ್‌ಮೆಂಟ್ ಒಣಗಿತು, ಕರೆಂಟ್ ಉಳಿಯಿತು ಎಂದು ಅಸೋಸಿಯೇಶನ್ ಮೀಟಿಂಗಿನಲ್ಲಿ ಚಪ್ಪಾಳೆ. ಅದೇ ಮೀಟಿಂಗಿನಲ್ಲಿ, ಬೋರ್‌ವೆಲ್ ಕೈಕೊಟ್ಟಿದೆ, ಇನ್ನೂ ಆಳಕ್ಕೆ ಕೊರೆಸಬೇಕು ಎಂಬ ಮಾತೂ ಆಯಿತು. ಎರಡೂ ಒಂದೇ ನೀರೆಂದು ಯಾರಿಗೂ ಹೊಳೆಯಲಿಲ್ಲ. ಮಾಮಿ ಇದ್ದಿದ್ದರೆ... ಇಲ್ಲ. ಬೈಯಲಿಕ್ಕಾದರೂ ಅವರು ಇರಬೇಕಿತ್ತು.

ಮೊನ್ನೆ ಕೊಕೊಪೀಟನ್ನು ಕುಂಡಗಳಿಗೆ ತುಂಬಿ, ಸಂಜೆಯಾಗುವುದನ್ನೇ ಕಾದು, ಅಕ್ಕಚ್ಚು ಹೊಯ್ದೆ. ಖಾಲಿ ತಂಬಿಗೆ ಹಿಡಿದುಕೊಂಡೇ ಕೆಳಗಿನ ಪಂಪಿನ ಸದ್ದಿಗೆ ಕಿವಿಗೊಟ್ಟು ನಿಂತೆ. ಬೀದಿದೀಪ ಹತ್ತುವವರೆಗೂ ನಿಂತಿದ್ದೆ. ಕೇಳಿಸಲಿಲ್ಲ.