ಬಾಗಿಲು ತೆರೆದರೆ ಎದ್ದು ನಿಲ್ಲುವ ಸದಸ್ಯ

ಕಿಲ್‌ಬಾನ್ ಹೊಳೆದಂಡೆಯ ಗುಡಾರಗಳ ಮೇಲಿನ ಮಂಜು ಇನ್ನೂ ಕರಗಿಲ್ಲ. ಫೆಲಿಮ್ ಗಾರ್ವಿ ಅಂಗಡಿಯ ಹಲಗೆಗಳನ್ನು ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಾರೆ. ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ತಕ್ಕಡಿ ಒರೆಸಿ, ಪೆಟ್ಟಿಗೆಯ ಮೇಲೆ ಕೂರುತ್ತಾರೆ. ಬಾಗಿಲು ಕಿರ್ರೆನ್ನುತ್ತದೆ. ಬಂದವರು ಯಾರೆಂದು ನೋಡುವ ಮೊದಲೇ ಎದ್ದು ನಿಂತಿರುತ್ತಾರೆ.

ಬಂದವರು ಬ್ರೈಡಿ ಕಿಯೋ, ಗಣಿಯವರ ಬಟ್ಟೆ ಒಗೆದು ಬದುಕುವ ವಿಧವೆ. ಗಾರ್ವಿ ಚಹಾಪುಡಿ ತೂಗುತ್ತಾರೆ. ತಕ್ಕಡಿ ಸಮನಾದ ಮೇಲೆ ಇನ್ನೊಂದು ಚಿಟಿಕೆ ಹಾಕುತ್ತಾರೆ. ಅವರು ಹುಟ್ಟಿದ ಐರ್ಲೆಂಡಿನ ಹಳ್ಳಿಯಲ್ಲಿ ಕೊಸರು ಹಾಕದ ತೂಕ ತೂಕವೇ ಅಲ್ಲ.

"ಇಷ್ಟೇನಾ ಕೊಸರು? ಶಾಸನಸಭೆಗೆ ಹೋದ್ಮೇಲೆ ನಿಮ್ಮ ಕೈ ಬಿಗಿಯಾಯ್ತು ಬಿಡಿ," ಎನ್ನುತ್ತಾರೆ ಬ್ರೈಡಿ.

"ಸಭೆಯೋರು ಸಂಬಳ ಕೊಡಲ್ಲ ತಾಯಿ. ನಿನ್ನ ಚಹಾದಲ್ಲೇ ನನ್ನ ಗಂಜಿ ಬೇಯ್ಬೇಕು."

ಆಲೂಗಡ್ಡೆ ನೆಲದೊಳಗೇ ಕೊಳೆತ ವರ್ಷಗಳಲ್ಲಿ ಐರ್ಲೆಂಡಿನ ಕ್ಲೇರ್ ಸೀಮೆ ಬಿಟ್ಟವರು ಗಾರ್ವಿ. ಈ ವಿಕ್ಟೋರಿಯಾ ವಸಾಹತಿಗೆ ಬಂದು ಚಿನ್ನಕ್ಕೆಂದು ಅಗೆದರು, ಮಣ್ಣು ಸಿಕ್ಕಿತು. ಕೊನೆಗೆ ಅಗೆಯುವವರಿಗೆ ಗುದ್ದಲಿ ಮಾರಲು ಕೂತರು. ಅಂಥವರು ಶಾಸನಸಭೆಯ ಸದಸ್ಯರಾದದ್ದು ಹೇಗೆಂದು ಕೇಳಿದರೆ, ಒಲೆಯ ಮುಂದೆ ರೊಟ್ಟಿ ತಿರುವುತ್ತಿರುವ ಹೆಂಡತಿ ಒನೋರಾ ನಗುತ್ತಾರೆ. "ಗಣಿಯೋರು ಗುಂಡಿ ಬಿಟ್ಟು ಸಭೆಗೆ ಹೋದ್ರೆ ಅದು ಇನ್ನೊಬ್ರ ಪಾಲಾಗುತ್ತೆ. ಇವರಿಗೆ ಅಂಗಡಿ ಕಾಯೋಕೆ ನಾನಿದ್ದೆ. ಅಷ್ಟೇ ಯೋಗ್ಯತೆ."

ಮೆಲ್ಬರ್ನಿನ ಸಭೆಯಲ್ಲಿ ಮೊದಲ ದಿನವೇ ಆಭಾಸ. ಯಾರೋ ಸದಸ್ಯರು ತಡವಾಗಿ ಬಾಗಿಲು ತಳ್ಳಿಕೊಂಡು ಬಂದರು. ಗಾರ್ವಿ ಅಭ್ಯಾಸಬಲದಿಂದ ಎದ್ದು ನಿಂತರು. ಅಲ್ಲಿ ಎದ್ದು ನಿಂತರೆ ಮಾತಾಡಲು ಅಪ್ಪಣೆ ಕೇಳಿದಂತೆ. ಸಭಾಧ್ಯಕ್ಷರು ಹೆಸರು ಕರೆದೇಬಿಟ್ಟರು.

"ಅಂಗಡೀಲಾದ್ರೆ ಏನು ಕೊಡ್ಲಿ ಅಂತಿದ್ದೆ. ಅಲ್ಲಿ ಗಿರಾಕಿ ನಾನೇ ಅಲ್ವಾ? ನಮ್ಮ ಹೊಳೆಗೊಂದು ಸೇತುವೆ ಕೊಡಿ ಸ್ವಾಮಿ ಅಂದು ಕೂತ್ಕೊಂಡೆ," ಎನ್ನುತ್ತಾರೆ ಗಾರ್ವಿ.

ಸಭೆಯೆಲ್ಲ ಘೊಳ್ಳೆಂದಿತು. ಗಾರ್ವಿ ಆ ಅಭ್ಯಾಸವನ್ನು ಬಿಡಲೇ ಇಲ್ಲ. ಬಾಗಿಲು ತೆರೆದಾಗಲೆಲ್ಲ ಏಳುತ್ತಾರೆ, ಕರೆದಾಗಲೆಲ್ಲ ಸೇತುವೆ ಕೇಳುತ್ತಾರೆ.

ಚರ್ಚು ಇರುವುದು ಆಚೆ ದಡದಲ್ಲಿ. ಚಳಿಗಾಲದ ಮಳೆಗೆ ಹೊಳೆ ಉಕ್ಕಿದರೆ ಬಲಿಪೂಜೆ ಅಲ್ಲಿ, ಜನ ಇಲ್ಲಿ. ಆಚೆಯಿಂದ ಗಂಟೆ ಕೇಳಿದಾಗ ಈಚೆಯವರು ಕೆಸರಿನಲ್ಲೇ ಮೊಣಕಾಲೂರುತ್ತಾರೆ. ಬ್ರೈಡಿಯ ಗಂಡ ಡರ್ಮಟ್ ಜ್ವರದಲ್ಲಿ ಕೊನೆಯುಸಿರೆಳೆಯುತ್ತಿದ್ದಾಗಲೂ ಹೊಳೆ ತುಂಬಿತ್ತು. ಪಾದ್ರಿಗಳು ಆಚೆ ದಡದಲ್ಲೇ ನಿಂತು ಕೈಯೆತ್ತಿ ಹರಸಿದರು.

"ಆ ಕೈ ನನಗೆ ಕಾಣಿಸ್ತು," ಎನ್ನುತ್ತಾರೆ ಬ್ರೈಡಿ, ಚಹಾದ ಪೊಟ್ಟಣಕ್ಕೆ ದಾರ ಬಿಗಿಯುತ್ತ. "ಗುಡಾರದೊಳಗೆ ಮಲಗಿದ್ದೋನಿಗೆ ಕಾಣಿಸ್ಲಿಲ್ಲ."

ಕಳೆದ ವರ್ಷ ಒಂದೇ ಒಂದು ಮತದಿಂದ ಸೇತುವೆಯ ಮಸೂದೆ ಸೋತಿತು. ಈ ಗುರುವಾರ ಅದು ಮತ್ತೆ ಸಭೆಯ ಮುಂದೆ ಬರುತ್ತದೆ. ಹೊರಗೆ ಮೆಲ್ಬರ್ನಿಗೆ ಹೋಗುವ ಕುದುರೆಗಾಡಿ ಬಂದು ನಿಂತಿದೆ. ಒನೋರಾ ಬಿಸಿ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ ಗಂಡನ ಕೋಟಿನ ಜೇಬಿಗೆ ತುರುಕುತ್ತಾರೆ.

ಸೇತುವೆಗೆ ಗಾರ್ವಿಯವರ ಹೆಸರಿಡಬೇಕೆಂದು ಊರವರು ಮಾತಾಡಿಕೊಳ್ಳುತ್ತಿದ್ದಾರೆ. ಆ ಮಾತೆತ್ತಿದರೆ ಗಾರ್ವಿ ಕೈ ಅಲ್ಲಾಡಿಸುತ್ತಾರೆ. "ಹೆಸರು ಬೇಡಪ್ಪ. ಮುದುಕೀರು ಹಿಡ್ಕೊಂಡು ಪೂಜೆಗೆ ಹೋಗೋಕೆ ಪಕ್ಕಕ್ಕೊಂದು ಕಂಬಿ ಹಾಕ್ಸಿದ್ರೆ ಸಾಕು. ಅದೇ ನನ್ನ ಕೊಸರು."

ಬ್ರೈಡಿ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಈ ಸಲಾನೂ ಸೋತ್ರೆ?"

ಗಾರ್ವಿ ಹ್ಯಾಟು ತಲೆಗೇರಿಸಿಕೊಳ್ಳುತ್ತಾರೆ.

"ತಡವಾಗಿ ಬರೋರು ಅಲ್ಲಿ ಇದ್ದೇ ಇರ್ತಾರೆ ತಾಯಿ. ಬಾಗಿಲು ತೆರೆಯುತ್ತೆ. ನಾನು ಏಳ್ತೀನಿ."